ಮೌಶಿಯ ಪಾಸ್‌ಪೋರ್ಟು

ಜಗಳ ಶುರುವಾದದ್ದು ಅಮೆರಿಕದಿಂದ. ನಗಬೇಡಿ, ನಿಜವಾಗಿಯೂ ಹಾಗೆಯೇ.

ನನ್ನ ಅಕ್ಕನ ವಿಲ್ಲಾ ಇರುವುದು ಇಲ್ಲಿ ಕೊಲ್ಲಿ ದೇಶದ ಮಿರ್ದಿಫಿನಲ್ಲಿ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ನಮ್ಮ ಮನೆಯಿರುವ ಸತ್ವಾದಿಂದ ನಾನು ಮತ್ತು ನನ್ನ ಗಂಡ ಅಲ್ಲಿಗೆ ಊಟಕ್ಕೆ ಹೋಗುವುದು ವಾಡಿಕೆ. ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದ ಅಮ್ಮನೂ ಆಗ ಅಲ್ಲೇ ಇದ್ದರು. ಅಡುಗೆ ಮಾತ್ರ ಮೌಶಿಯದು. ಮೌಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮ. ಅಕ್ಕನ ಮನೆಯಲ್ಲಿ ಐದು ವರ್ಷಗಳಿಂದ ಕೆಲಸಕ್ಕಿದ್ದ ಕಾರ್ಕಳದ ಕಡೆಯ ಹೆಂಗಸನ್ನು ಮಕ್ಕಳು ಹಾಗೆ ಕರೆಯುತ್ತಿದ್ದರು. ಸ್ವಂತ ಚಿಕ್ಕಮ್ಮನಾದ ನಾನು ಬರೀ ಆಂಟಿ!

ಆ ವಾರ ಮೌಶಿ ರಜೆ ಕೇಳಿದ್ದರು. ಜನವರಿಯಲ್ಲಿ ಒಬ್ಬಳೇ ಮಗಳ ಮದುವೆ. ಅದರ ಹಿಂದಿನ ದಿನ ರೋಸ್, ಅಂದರೆ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಹರಸುವ ಶಾಸ್ತ್ರ. ತಾಯಿಯ ಕೈ ಇಲ್ಲದ ರೋಸ್ ನಮ್ಮಲ್ಲಿ ರೋಸೇ ಅಲ್ಲ. ಅಕ್ಕ ಮಾತ್ರ "ಮಕ್ಕಳ ಪರೀಕ್ಷೆ ಮುಗಿಲಿ, ಆಮೇಲೆ ನೋಡುವ" ಎಂದುಬಿಟ್ಟಿದ್ದಳು. ಮದುವೆ ಪರೀಕ್ಷೆಗೆ ಕಾಯುತ್ತದೆಯೇ? ಐದು ವರ್ಷವೂ ಇದೇ ಕಥೆ. ಮಗುವಿಗೆ ಜ್ವರ, ಮನೆ ಬದಲಾವಣೆ, ಏನಾದರೊಂದು ಅಡ್ಡ ಬಂದು ಮೌಶಿ ಒಮ್ಮೆಯೂ ಊರು ಕಂಡಿರಲಿಲ್ಲ. ತಾವೇ ಹೊರಡೋಣವೆಂದರೆ ಪಾಸ್‌ಪೋರ್ಟು ಅಕ್ಕನ ಕಪಾಟಿನಲ್ಲಿ, ಬೀಗದೊಳಗೆ. ಹಾಗೆ ಇಟ್ಟುಕೊಳ್ಳಬಾರದೆಂದು ಇಲ್ಲಿನ ಕಾನೂನೇ ಹೇಳುತ್ತದೆ. ಗೊತ್ತಿದ್ದೂ ಇಟ್ಟುಕೊಳ್ಳುವವರು ಬೇಕಾದಷ್ಟಿದ್ದಾರೆ.

ಊಟದ ನಡುವೆ, ಒಂಬತ್ತನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳು ತನ್ನ ಶಾಲೆಯ ಪ್ರಾಜೆಕ್ಟಿನ ಬಗ್ಗೆ ಹೇಳತೊಡಗಿದಳು. ಗುಲಾಮರನ್ನು ಇಟ್ಟುಕೊಳ್ಳಬಹುದೇ ಬಾರದೇ ಎಂಬ ವಾದದಲ್ಲಿ ಅಮೆರಿಕ ಎರಡು ಹೋಳಾದ ಕಥೆ. ಅಣ್ಣ ಉತ್ತರದ ಸೈನ್ಯದಲ್ಲಿ, ತಮ್ಮ ದಕ್ಷಿಣದ ಸೈನ್ಯದಲ್ಲಿ. ದೇವರ ಹೆಸರು ಹೇಳುವ ಪಾದ್ರಿಗಳೂ ಎರಡು ಪಂಗಡ.

"ಗುಲಾಮರು ಬೇಕು ಅನ್ನುವವರು ಎಂತ ಹೇಳ್ತಿದ್ರು?" ಅಮ್ಮ ಕೇಳಿದರು.

"ಅವರು ನಮ್ಮ ಹತ್ರ ಹ್ಯಾಪಿ ಇದ್ದಾರೆ ಅಂತ, ಗ್ರ್ಯಾನಿ. ಫ್ಯಾಮಿಲಿ ಹಾಗೆ ನೋಡ್ಕೊಳ್ತೇವೆ, ಬಿಟ್ರೆ ಅವರಿಗೇ ಕಷ್ಟ ಅಂತ."

ಮೌಶಿ ಆಗ ಅಮ್ಮನಿಗೆ ಸಾರು ಬಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ನನ್ನ ನಾಲಿಗೆಗೆ ಎಲುಬಿಲ್ಲ ಎಂದು ಅಮ್ಮ ಹೇಳುವುದು ಸುಮ್ಮನೆ ಅಲ್ಲ. "ಅಷ್ಟು ದೂರ ಅಮೆರಿಕಕ್ಕೆ ಯಾಕೆ ಹೋಗ್ತಿ ಮಗಾ? ನಿನ್ನ ಮಮ್ಮಿಯ ಕಪಾಟು ತೆಗೆದು ನೋಡು" ಎಂದೆ.

ಅಕ್ಕನ ಮುಖ ಕೆಂಪಾಯಿತು. "ಎಂತ ಮಾತು ಮಾರಾಯ್ತಿ ನಿಂದು? ನಾವು ತಿಂದದ್ದನ್ನೇ ಅವಳೂ ತಿನ್ನುದು. ಅವಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ನಾನು. ಒಂದು ದಿನ ಜೋರು ಮಾಡಿದ್ದುಂಟಾ? ಅವಳು ನನ್ನ ಮನೆಯವಳು!"

"ಮನೆಯವಳ ಪಾಸ್‌ಪೋರ್ಟಿಗೆ ಬೀಗ ಯಾಕೆ?"

"ಬಟ್ ಮಮ್ಮಿ, ದೇ ಆಲ್ಸೋ ಸೆಡ್..." ಎಂದು ಹುಡುಗಿ ಬಾಯಿ ತೆರೆದಳು.

"ಖಲಾಸ್! ನೀನು ಸುಮ್ಮನೆ ಊಟ ಮಾಡು" ಎಂದು ಅಕ್ಕ ಗದರಿದಳು. ನಾನು ಅರ್ಧ ಊಟಕ್ಕೇ ಎದ್ದು, ಗಂಡನನ್ನೂ ಎಬ್ಬಿಸಿಕೊಂಡು ಹೊರಟುಬಂದೆ.

ಅಲ್ಲಿಂದ ನಮ್ಮ ಮನೆಯೂ ಎರಡಾಯಿತು. ಭಾವ ಅಕ್ಕನ ಕಡೆ, ಅವರ ಮಗಳು ನನ್ನ ಕಡೆ. ನನ್ನ ಗಂಡ, ಪಾಪ, ಯಾವ ಕಡೆಯೂ ಅಲ್ಲ. ಮೌಶಿಯ ಕೋಳಿ ಸುಕ್ಕ ತಪ್ಪಿತಲ್ಲ ಎಂಬುದೊಂದೇ ಅವರ ಚಿಂತೆ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ಅಕ್ಕತಂಗಿಯರು ಮಾತು ಬಿಟ್ಟೆವು. ಬೇಕಾದರೆ ಅವಳೇ ಫೋನ್ ಮಾಡಲಿ ಎಂದು ಇಬ್ಬರಿಗೂ ಬಿಗುಮಾನ.

ಅಮ್ಮ ಮಾತ್ರ ಹಟ ಹಿಡಿದರು. ಊಟ ಬೇಡವಾದರೆ ಬೇಡ, ಭಾನುವಾರ ಸಂಜೆ ತೇರ್ಸಿಗೆ ಎಲ್ಲರೂ ಬರಲೇಬೇಕು. ತೇರ್ಸ್ ಎಂದರೆ ಜಪಮಾಲೆ ಹಿಡಿದು ಮನೆಮಂದಿ ಸೇರಿ ಮಾಡುವ ಪ್ರಾರ್ಥನೆ. ಒಬ್ಬರು ಅರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದರ್ಧವನ್ನು ಬೇರೆಯವರು ಹೇಳಿ ಮುಗಿಸುತ್ತಾರೆ. ಅಮ್ಮ ಬೇಕೆಂದೇ ಮೊದಲರ್ಧ ಅಕ್ಕನಿಗೆ, ಉಳಿದರ್ಧ ನನಗೆ ಕೊಟ್ಟರು. ಅಕ್ಕ ಗೋಡೆ ನೋಡಿಕೊಂಡು ಮರಿಯಮ್ಮನನ್ನು ಸ್ತುತಿಸುವಳು, ನಾನು ಕಿಟಕಿ ನೋಡಿಕೊಂಡು ಪಾಪಿಗಳಿಗಾಗಿ ಬೇಡುವೆನು. ಪಾಪಿಗಳು ಎನ್ನುವಲ್ಲಿ ನನ್ನ ದನಿ ತುಸು ಜೋರಾಗುತ್ತಿತ್ತು, ದೇವರು ಕ್ಷಮಿಸಲಿ. ನಮ್ಮ ಹಿಂದೆ ಮೌಶಿ ಮೊಣಕಾಲೂರಿ, ಎರಡರ್ಧವನ್ನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು.

ಮದುವೆ ಹತ್ತಿರ ಬಂತು. ಒಂದು ಭಾನುವಾರ ತೇರ್ಸ್ ಮುಗಿದು ಏಳುವಾಗ ಅಮ್ಮ ಅಕ್ಕನನ್ನು ಕೇಳಿದರು. "ನಿನ್ನ ರೋಸಿಗೆ ತೆಂಗಿನಹಾಲು ಮೊದಲು ಹಚ್ಚಿದ್ದು ಯಾರು?"

"ನೀವೇ."

"ಆ ದಿನ ನನ್ನನ್ನು ಯಾರಾದ್ರೂ ಬರ್ಲಿಕ್ಕೆ ಬಿಡದಿದ್ರೆ?"

ಅಕ್ಕ ತಲೆ ತಗ್ಗಿಸಿದಳು. "ಹೋದ್ರೆ ಅವಳು ವಾಪಸ್ ಬರ್ಲಿಕ್ಕಿಲ್ಲ ಅಮ್ಮಾ" ಎಂದಳು.

"ಬರುದು ಬಿಡುದು ಅವಳಿಗೆ ಬಿಟ್ಟದ್ದು. ಪರೀಕ್ಷೆ ಮುಗಿಯುವ ತನಕ ಅಡಿಗೆಗೆ ನಾನುಂಟು. ನನ್ನ ವೀಸಾ ಮುಂದೆ ಹಾಕಿಸು."

ಅಕ್ಕ ಒಳಗೆ ಹೋಗಿ ಪಾಸ್‌ಪೋರ್ಟು ತಂದು ಮೌಶಿಯ ಕೈಯಲ್ಲಿಟ್ಟಳು. ಮೌಶಿ ಪುಟ ಬಿಡಿಸಿ ತಮ್ಮ ಫೋಟೊ ನೋಡಿ, "ಅಯ್ಯೋ ದೇವರೇ, ನಂಗೆ ಇಷ್ಟು ಕಪ್ಪು ಕೂದಲಿತ್ತಾ!" ಎಂದರು. ಎಲ್ಲರೂ ನಕ್ಕೆವು. ನಗುತ್ತಲೇ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಅಕ್ಕ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳ ಎಷ್ಟು ಸುಲಭವಾಗುತ್ತಿತ್ತು! ನೈಫ್ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಮದುಮಗಳಿಗೆ ಬಟ್ಟೆ, ಅತ್ತರು, ಬಾದಾಮಿ ಹೊತ್ತು ತಂದಳು. ವಿಮಾನ ನಿಲ್ದಾಣದಲ್ಲಿ ಮೌಶಿಯನ್ನು ತಬ್ಬಿಕೊಂಡು ಬಿಡಲೊಲ್ಲಳು. "ಬೇಗ ಬಾ" ಎಂದಳು. ಮೌಶಿ ಹ್ಞೂಂ ಎಂದು ತಲೆಯಾಡಿಸಿದರು.

ರೋಸಿನ ಫೋಟೊ ಬಂತು. ಮಗಳ ನೆತ್ತಿಯ ಮೇಲೆ ಮೌಶಿಯ ಕೈ, ಇಬ್ಬರ ಮುಖದ ಮೇಲೂ ತೆಂಗಿನಹಾಲು. ಅಕ್ಕ ಅದನ್ನು ನನಗೆ ಕಳಿಸಿದಳು, ಮಾತಿಲ್ಲದೆ. ರಜೆ ಮುಗಿಯುವ ಹೊತ್ತಿಗೆ ಮೌಶಿಯ ವಾಯ್ಸ್ ಮೆಸೇಜು ಬಂತು. "ಮೇಡಂ, ನಾನಿನ್ನು ಬರುದಿಲ್ಲ. ಊರಲ್ಲೇ ಇರ್ತೇನೆ. ಬೇಜಾರು ಮಾಡ್ಬೇಡಿ."

ಅಕ್ಕ ಫೋನ್ ಮಾಡಿ "ಬಾ" ಎಂದಳು, ಅಷ್ಟೇ. ನೋಡಿದ್ಯಾ, ನಾನು ಹೇಳಿರ್ಲಿಲ್ವಾ ಎಂದು ಹಾರಾಡುತ್ತಾಳೆಂದು ದಾರಿಯುದ್ದಕ್ಕೂ ಉತ್ತರ ಮಸೆದುಕೊಂಡೇ ಹೋದೆ. ಹೋಗಿ ನೋಡಿದರೆ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಮೆಸೇಜು ನನಗೆ ಕೇಳಿಸಿದಳು. ಸಿಟ್ಟಿನ ಸುಳಿವೇ ಇರಲಿಲ್ಲ.

"ಪ್ರೀತಿಯಿಂದ ಇದ್ದಾಳೆ ಅಂತ ಮಾಡಿದ್ದೆ ನಾನು" ಎಂದಳು. "ಹೋಗ್ಲಿಕ್ಕೆ ಆಗದೆ ಇದ್ದದ್ದಾ ಅವಳು?"

ಪಕ್ಕದಲ್ಲಿ ನಿಂತು ಅವಳ ತಲೆಯನ್ನು ನನ್ನ ಎದೆಗೆ ಒರಗಿಸಿಕೊಂಡೆ. "ಪ್ರೀತಿ ಇಲ್ಲದೆ ಇರ್ತದಾ ಅಕ್ಕ? ಬೇಕಾದ್ರೆ ಫೋನ್ ಮಾಡಿ ಕೇಳು" ಎಂದೆ.

ಅಕ್ಕ ಫೋನ್ ಎತ್ತಿಕೊಂಡಳು, ನಂಬರು ತೆಗೆದಳು, ಮತ್ತೆ ಮೆಲ್ಲಗೆ ಕೆಳಗಿಟ್ಟಳು.

"ಇಲ್ಲಿರುವಾಗ ಕೇಳಿದ್ರೆ ಉಂಟು ಅಂತಿದ್ದಳು" ಎಂದಳು. "ಈಗ ಕೇಳಿದ್ರೆ ನಿಜ ಹೇಳ್ತಾಳೆ ಮಾರಾಯ್ತಿ."