ಈಜುಕೊಳಕ್ಕೆ ಹಾಕಿದ ಹೆಪ್ಪು

ಬೆಟಗೇರಿ ದಾಟಿದ ಮೇಲೆ ಸಿಗುವ ಒಂದು ಶಾಲೆಯ ಈಜುಕೊಳ ನೋಡಿಕೊಳ್ಳುವುದು ನಮ್ಮ ಮನೆಯವರ ಕೆಲಸವಾಗಿತ್ತು. ಕೊಳದ ಬಾಜೂಕ್ಕೇ ಎರಡು ಖೋಲಿಯ ಮನೆ. ನಾವಿಬ್ಬರು, ನಮ್ಮ ಮಾವನವರು. ನಮ್ಮ ಮನೆಯವರು ಮುಂಡರಗಿ ಕಡೆ ಹೊಳೆಯಲ್ಲಿ ಈಜು ಕಲಿತವರು. ಗದಗಿನ ಮಕ್ಕಳಿಗೆ ಹೊಳೆ ಎಲ್ಲಿಂದ ಬರಬೇಕು, ಇದೇ ಅವರ ಹೊಳೆ ಅಂತ ಆ ಕೊಳವನ್ನು ದೇವರ ಖೋಲಿಯ ಹಾಗೆ ಇಟ್ಟುಕೊಂಡಿದ್ದರು.

ಹೋದ ವರ್ಷ ಆ ನೀರು ಮಾತು ಕೇಳದಾಯಿತು. ಎಷ್ಟು ಕ್ಲೋರಿನ್ ಹಾಕಿದರೂ ಗೋಡೆಗೆ ಪಾಚಿ. ಕ್ಲೋರಿನ್ ಬಿಸಿಲಿಗೆ ಹಾರಿಹೋಗದಿರಲಿ ಅಂತ ಅದರ ಗುಳಿಗೆಯಲ್ಲಿ ಇನ್ನೊಂದು ರಾಸಾಯನಿಕ ಕೂಡಿಸಿರುತ್ತಾರಂತೆ. ಕ್ಲೋರಿನ್ ಖರ್ಚಾಗುತ್ತದೆ, ಅದು ನೀರಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಕೂಡಿ ಕೂಡಿ ಕಡೆಗೆ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. “ಕಾಯಾಕ ಇಟ್ಟ ಆಳು ಮಾಲಕನ್ನ ಖೋಲ್ಯಾಗ ಹಾಕಿ ಕೀಲಿ ಜಡದಂಗ,” ಅಂದರು ಇವರು.

ಹಳೆ ನೀರು ಬಿಟ್ಟು ಹೊಸದು ತುಂಬಿದರೆ ಸರಿಹೋಗುತ್ತದೆ. ಆದರೆ ವಾರಗಟ್ಟಲೆ ನಳ ಬರದ ಊರು ನಮ್ಮದು. ಕೊಡ ಹಿಡಿದು ನಿಂತ ಹೆಣ್ಣುಮಕ್ಕಳ ಎದುರಿಗೆ ಅಷ್ಟು ನೀರನ್ನು ಗಟಾರಕ್ಕೆ ಬಿಡಲಿಕ್ಕೆ ಯಾರಿಗೆ ಮನಸ್ಸು ಬಂದೀತು? ಶಾಲೆಯವರು ಹೇಳಿಬಿಟ್ಟರು: ಬೇಸಿಗೆ ರಜೆ ಶುರುವಾಗುವುದರೊಳಗೆ ನೀರು ಸರಿಯಾಗದಿದ್ದರೆ ಮಣ್ಣು ತುಂಬಿಸಿ ಆಟದ ಅಂಗಳ ಮಾಡುತ್ತೇವೆ.

ಇವರು ಎಲ್ಲೆಲ್ಲೋ ವಿಚಾರಿಸಿ ಒಂದು ಪುಡಿ ತರಿಸಿದರು. ಕಿಣ್ವ ಅಂತಾರೆ, ಆ ಉಳಿದುಕೊಂಡ ರಾಸಾಯನಿಕವನ್ನು ಒಡೆದುಹಾಕುವಂಥದ್ದು.

“ಇಷ್ಟರಾಗ ಏನ್ ಆಗತೈತ್ರಿ? ನನ್ನ ಹೆಪ್ಪಿನ ಬಟ್ಟಲದಷ್ಟೂ ಇಲ್ಲ,” ಅಂದೆ.

“ಹೆಪ್ಪೇ ಅಂತ ತಿಳಕೋ. ಕುದಿಯೋ ಹಾಲಿಗೆ ಹಾಕಿದ್ರ ಹೆಪ್ಪು ಕೆಡತೈತಿ. ಇದು ಕ್ಲೋರಿನ್ನಿಗೆ ಕೆಡತೈತಿ. ಕೆಲಸ ಮುಗಿಯೂತನಕ ಕೊಳಕ್ಕ ಔಷಧ ಬೀಳಬಾರದು.” ಮಾವನವರಿಗೂ ಕೂಗಿ ಹೇಳಿದರು, “ಅಪ್ಪಾ, ಡ್ರಮ್ಮಿನಾಗಿನ ಔಷಧ ಹಾಕಬ್ಯಾಡ.”

“ನಿನ್ನ ಔಷಧ ನನಗ್ಯಾಕ ಬೇಕಪಾ,” ಅಂದರು ಅವರು.

ದಿನಾ ಮುಂಜಾನೆ ಇವರು ಸೀಸೆಯಲ್ಲಿ ಕೊಳದ ನೀರು ತೆಗೆದುಕೊಂಡು ಅದಕ್ಕೆ ಪರೀಕ್ಷೆಯ ದ್ರಾವಣ ಬೆರೆಸುತ್ತಿದ್ದರು. ನೀರು ಮಜ್ಜಿಗೆಯಂತೆ ಮಬ್ಬಾಗುತ್ತಿತ್ತು. ಅದನ್ನು ತಳದಲ್ಲಿ ಕರಿ ಚುಕ್ಕೆಯಿದ್ದ ನಳಿಗೆಗೆ ಹನಿಹನಿಯಾಗಿ ಬಿಡುವುದು. ಚುಕ್ಕೆ ಬೇಗ ಮುಚ್ಚಿಹೋದರೆ ನೀರಲ್ಲಿ ಆ ರಾಸಾಯನಿಕ ಇನ್ನೂ ಹೆಚ್ಚಿದೆ ಅಂತ. ಪುಡಿ ಹಾಕಿದ ಮೇಲೆ ಚುಕ್ಕೆ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಕಾಣತೊಡಗಿತು. “ಬಾ ಇಲ್ಲೆ, ಇನ್ನೂ ಕಾಣಾಕತ್ತೈತಿ ನೋಡು,” ಅಂತ ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸಿದರು. ನಾನು ಅಲ್ಲೇ ನಿಂತು ಈಶ್ವರನಿಗೆ ಕೈಮುಗಿದೆ.

ಅಷ್ಟರಲ್ಲಿ ಯುಗಾದಿ ಅಮಾವಾಸ್ಯೆ. ಇವರು ಮುಂಡರಗಿಗೆ, ತೀರಿಕೊಂಡ ಸಂಬಂಧಿಕರೊಬ್ಬರ ಮಣ್ಣಿಗೆ ಹೋಗಿದ್ದರು. ಅಮಾಸಿಗೊಮ್ಮೆ ಪಂಪಿನ ಮೋಟಾರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಬಕೀಟಿನಲ್ಲಿ ಕ್ಲೋರಿನ್ ಕಲಸಿ ಕೊಳಕ್ಕೆ ಅರ್ಪಿಸುವುದು ಮಾವನವರ ಪದ್ಧತಿ. ನಾನು ಹೋಳಿಗೆ ಬೇಯಿಸುತ್ತಿದ್ದೆ. ಅವರು ಒಳಗೆ ಬಂದಾಗ ಧೋತರದಿಂದ ಕ್ಲೋರಿನ್ ವಾಸನೆ.

“ಕೊಳಕ್ಕ ಔಷಧ ಹಾಕಿದ್ರೇನ್ರಿ ಮಾವಾರ?”

“ಔಷಧ ಹಾಕಿಲ್ಲವ್ವಾ. ಗಂಗವ್ವಗ ಎಡಿ ಹಿಡದೇನಿ.”

ಸಂಜೆ ಮುಂಡರಗಿಯಿಂದ ಬಂದ ಮಗನಿಗೂ ಮಾವನವರು ಅದೇ ಮಾತು ಹೇಳಿದರು. ಇವರು “ಆತು ಬಿಡಪಾ,” ಅಂದರು. ನನ್ನನ್ನು ಹೊರಗೆ ಕರೆದು, ಅಪ್ಪಗ ಏನೂ ಹೇಳಬ್ಯಾಡ ಅಂದರು. ದೇವರಿಗೆ ಅಂತ ಕೊಟ್ಟದ್ದಕ್ಕೆ ಬೈಯುವುದಾದರೂ ಹೇಗೆ?

ಮರುದಿನ ಚುಕ್ಕೆ ಹಿಂದಿನ ದಿನ ಮುಚ್ಚಿದಲ್ಲೇ ಮುಚ್ಚಿತು. ಅದರ ಮರುದಿನವೂ ಅಷ್ಟೇ. ಹೆಪ್ಪು ಕೆಟ್ಟಿತ್ತು. ಇನ್ನೊಂದು ಪೊಟ್ಟಣ ತರಿಸಬಹುದಿತ್ತು, ಅದು ಕೆಲಸ ಮಾಡುವಷ್ಟು ದಿನ ಉಳಿದಿರಲಿಲ್ಲ.

ಮಣ್ಣು ತುಂಬಿಸುವುದು ಖಾಯಂ ಆದ ದಿನ ಮಾವನವರು ಕಟ್ಟೆಯ ಮೇಲೆ ಕೂತು ಕೇಳಿದರು, “ಗಂಗವ್ವ ನಮ್ಮ ಮ್ಯಾಲ ಯಾಕ ಸಿಟ್ಟಾದಳವ್ವಾ?”

“ಸಿಟ್ಟಾಗಿಲ್ರಿ ಮಾವಾರ. ಈ ಸಲ ಬಿಸಲ ಹೆಚ್ಚಾತು.”

“ನಾ ಇನ್ನೊಂದೀಟು ಎಡಿ ಹಿಡಿಬೇಕಾಗಿತ್ತು,” ಅಂದರು.

ನಾನು ಹೂಂನ್ರಿ ಅಂದೆ.

ಯಾವ ಮಗುವಿಗೂ ಆ ನೀರಿನಿಂದ ಜಡ್ಡು ಬರಲಿಲ್ಲ, ಅದೊಂದು ಪುಣ್ಯ. ಮನೆ ಬಿಡಿಸಲಿಲ್ಲ, ಅದೊಂದು. ಇವರಿಗೆ ಶಾಲೆಯ ಗೇಟು ಕಾಯುವ ಕೆಲಸ ಕೊಟ್ಟರು, ಅದೂ ದೇವರ ದಯೆಯೇ. ಮೊದಲ ದಿನ ಇವರು ಗೇಟು ತೆಗೆದದ್ದು ಮಣ್ಣಿನ ಟಿಪ್ಪರಿಗೆ.