ಕಾಲು ಚಾಚುವಷ್ಟು ಕುಣಿ

ಮಣ್ಣೂರಿನಲ್ಲಿ ನಮ್ಮವರಿಗೆಲ್ಲ ಕುಣಿ ತೋಡುತ್ತಿದ್ದವನು ಒಬ್ಬನೇ. ನಮ್ಮಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ ಹೂಳುತ್ತಾರೆ. ತೋಡಿದ ಮೇಲೆ ಅವನು ತಾನೇ ಒಳಗಿಳಿದು ಕೂತು, ಭುಜ ಆಡಿಸಿ, "ಇಕ್ಕಟ್ಟಿಲ್ರಿ" ಎಂದು ಹೇಳಿಯೇ ಮೇಲೆ ಬರುತ್ತಿದ್ದ.

ಹಾಸಿಗೆ ಹಿಡಿದ ಅವ್ವ ಒಂದು ದಿನ ಅವನನ್ನು ಕರೆಸಿದಳು. ಅಪ್ಪನ ಸಮಾಧಿಯ ಪಕ್ಕದ ಜಾಗ ಅವಳಿಗೆಂದು ಮೊದಲೇ ಗೊತ್ತಾಗಿತ್ತು. ಅವಳ ಹೆದರಿಕೆ ಬೇರೆ.

"ನನ್ನ ಮೊಣಕಾಲು ಮಡಚಂಗಿಲ್ಲೋ ತಮ್ಮಾ. ಸತ್ತ ಮ್ಯಾಲ ಮುರದು ಕುಂದ್ರಸ್ತಾರ."

"ಯಾರ್ ಮುರೀತಾರ ಯವ್ವಾ? ಉದ್ದಕ ತೋಡ್ತೇನಿ, ಕಾಲ ಚಾಚಿ ಕುಂದ್ರುವಂತಿ."

"ಸತ್ತರೂ ನಿನಗ ಕೆಲಸ ಹೆಚ್ಚ ಮಾಡ್ತೇನಿ ನೋಡು" ಎಂದು ಅವ್ವ ನಕ್ಕಳು.

ಅವಳನ್ನು ಒಯ್ದ ದಿನ ಹಿರಿಯರು ಕುಣಿ ನೋಡಿ ರೇಗಿದರು. "ಇದೆಂಥಾ ಪದ್ಧತಿಲೇ? ಕಾಲ ಮಡಚೇ ಕುಂದ್ರಸಬೇಕು."

ಅವನು ಒಳಗಿಳಿದು ಕಾಲು ಚಾಚಿ ಕೂತುಬಿಟ್ಟ. "ಯವ್ವಗ ಮಾತು ಕೊಟ್ಟೇನ್ರಿ. ಮಡಚೂದಿದ್ರ ಮೊದಲ ನನ್ನ ಮ್ಯಾಲ ಮಣ್ಣು ಹಾಕ್ರಿ."

ಹಿರಿಯರು ಹಿಂದೆ ಸರಿದರು. ಅವನೇ ಅವ್ವನನ್ನು ಕೈಚಾಚಿ ಇಳಿಸಿಕೊಂಡು ಕೂರಿಸಿದ, ಮೊಣಕಾಲ ಮೇಲೆ ಸೀರೆ ಸರಿಪಡಿಸಿದ. "ಇಕ್ಕಟ್ಟಿಲ್ರಿ" ಎಂದು ಅಂದೂ ಹೇಳಿದನೋ, ನನಗೆ ಬೇಕೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ ತಿಳಿಯದು. ಕಾಲು ಚಾಚಿದ್ದು ಮಾತ್ರ ನಿಜ. ನಾನು ಹಾಕಿದ ಮೊದಲ ಹಿಡಿ ಮಣ್ಣು ಬಿದ್ದದ್ದು ಅವಳ ಪಾದದ ಮೇಲೆ.