ಹೆರ್ಮಿನಾ ಸಿಕೋರಾಳ ವಿದೇಶ ಪ್ರಯಾಣ

ಓಲ್ಜಾ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ ಹೆರ್ಮಿನಾ ಸಿಕೋರಾಳ ಎದುರು "ಎಂಥ ಮಳೆ" ಎಂದು ಬಾಯಿ ಬಿಡುವ ಧೈರ್ಯ ಪಾದ್ರಿಗೂ ಇರಲಿಲ್ಲ. ಬಿಟ್ಟರೆ ಮುಗಿಯಿತು, ಕನ್ನಡಕದ ಮೇಲಿಂದ ನೋಡಿ "ಎಷ್ಟು ಮಿಲಿಮೀಟರ್?" ಎನ್ನುತ್ತಿದ್ದಳು. ಮೇಯರ್ ತೀರಿಕೊಂಡಾಗ ಸ್ವರ್ಗವೇ ಕಣ್ಣೀರು ಸುರಿಸಿತು ಎಂದು ಭಾಷಣ ಬಿಗಿದವನನ್ನು, "ಸ್ವರ್ಗ ಅತ್ತಿದ್ದು ಎರಡೂವರೆ" ಎಂದು ಗೋರಿಯ ಪಕ್ಕದಲ್ಲೇ ತಿದ್ದಿದವಳು. ಮೋಡಗಳೂ ಅವಳಿಗೆ ಹೆದರಿ ಅಳೆದು ಸುರಿಯುತ್ತವೆ ಎಂದು ಬಿಯರ್ ಅಂಗಡಿಯಲ್ಲಿ ಜನ ಆಣೆ ಹಾಕುತ್ತಿದ್ದರು.

ಅವಳ ಕೆಲಸ ಇಷ್ಟೇ. ದೂರದ ನಗರದ ವಿಶ್ವವಿದ್ಯಾಲಯಕ್ಕಾಗಿ ದಿನಾ ಬೆಳಿಗ್ಗೆ ಏಳಕ್ಕೆ ಮಳೆಮಾಪಕ ನೋಡಿ ಬರೆದಿಡುವುದು. ಮೂವತ್ತೊಂದು ವರ್ಷದಿಂದ ಅವಳು, ಅದಕ್ಕೂ ಮೊದಲು ಬೇರೆಯವರು, ಒಂದು ದಿನವೂ ತಪ್ಪಿಸಿರಲಿಲ್ಲ. ಎರಡು ಮಹಾಯುದ್ಧಗಳಿಂದಲೂ ಮುರಿಯದ ಲೆಕ್ಕ ಅದು. ಮಾಪಕ ನೆಟ್ಟಾಗ ಎರಡೂ ದಂಡೆ ಒಂದೇ ಊರು. ಆಮೇಲೆ ಯಾರೋ ದೊಡ್ಡವರು ಎಲ್ಲೋ ಕೂತು ಗಡಿ ಗೀಚಿದರು. ಹೆರ್ಮಿನಾಳ ಮನೆ ಪೋಲೆಂಡಿಗೆ ಬಂತು. ಮಾಪಕ ಆಚೆ ದಂಡೆಯಲ್ಲಿ, ಈಗ ಚೆಕ್ ಮುದುಕಿ ದ್ರಾಹೊಮಿರಾಳ ಪ್ಲಮ್ ತೋಟದಲ್ಲಿ, ಉಳಿಯಿತು. ಸೇತುವೆ ದಾಟಿದರೆ ನಾನೂರು ಹೆಜ್ಜೆ.

ಸಾಂಕ್ರಾಮಿಕದ ಎರಡನೇ ಅಲೆ ಬಂತು. ಗಡಿಯ ಊರಿನವರಿಗೆ ಸೇತುವೆ ದಾಟಲು ಸರ್ಕಾರ ಬಿಟ್ಟಿತ್ತು. ಎದುರುಮನೆಯವನು ಬಿಯರ್ ತರಲು ದಿನಾ ದಾಟುತ್ತಿದ್ದ. ವಿಶ್ವವಿದ್ಯಾಲಯ ಮಾತ್ರ ಬಿಡಲಿಲ್ಲ: ನಾಳೆಯಿಂದ ನೌಕರರ ವಿದೇಶ ಪ್ರಯಾಣವೆಲ್ಲ ರದ್ದು, ಅನಿವಾರ್ಯವಾದರೆ ಇಪ್ಪತ್ತೊಂದು ದಿನ ಮುಂಚೆ ಅರ್ಜಿ.

ಹೆರ್ಮಿನಾ ಪ್ರಯಾಣ ವಿಭಾಗದ ಗ್ರಾತ್ಸಿಯಾನನಿಗೆ ಫೋನ್ ಮಾಡಿದಳು.

"ಯಾವ ಸಮ್ಮೇಳನಕ್ಕೆ ಹೋಗ್ತಿದೀರಿ, ಹೆರ್ಮಿನಾ ಮೇಡಂ?"

"ಸಮ್ಮೇಳನ ಅಲ್ಲಪ್ಪ, ಮಳೆ."

"ಮಳೆ ಅನ್ನೋದಕ್ಕೆ ಫಾರಂನಲ್ಲಿ ಜಾಗ ಇಲ್ಲ. ಆಚೆಯವರ ಆಹ್ವಾನ ಪತ್ರ ಆದರೂ ಇದೆಯಾ?"

ಮಧ್ಯಾಹ್ನದೊಳಗೆ ದ್ರಾಹೊಮಿರಾಳ ಪತ್ರ ಬಂತು: "ನಿಮ್ಮ ಡಬ್ಬಿ ನನ್ನ ತೋಟದಲ್ಲಿದೆ, ಬಂದು ನೋಡಿಕೊಳ್ಳಿ. ಬರುವಾಗ ನನ್ನ ಕೇಕಿನ ತಟ್ಟೆ ತನ್ನಿ."

"ಇದರಲ್ಲಿ ಸಂಸ್ಥೆಯ ಮೊಹರಿಲ್ಲ," ಎಂದ ಗ್ರಾತ್ಸಿಯಾನ್. "ಆಮೇಲೆ, ವಾಪಸ್ ಬಂದ ಮೇಲೆ ನಮ್ಮ ನೌಕರರು ಹತ್ತು ದಿನ ಮನೆ ಬಿಟ್ಟು ಹೊರಗೆ ಬರೋ ಹಾಗಿಲ್ಲ."

"ನಾನು ದಿನಾ ಹೋಗಬೇಕು ಕಣಯ್ಯಾ. ಇವತ್ತಿನ ಹತ್ತು ಮುಗಿಯೋದು ಯಾವಾಗ, ನಾಳೆಯದು ಶುರುವಾಗೋದು ಯಾವಾಗ?"

"ಹಾಗಾದರೆ ಪ್ರತಿ ದಿನಕ್ಕೂ ಬೇರೆ ಅರ್ಜಿ ಹಾಕಿ."

ಅದೇ ಸಂಜೆ ಕುಲಪತಿಗಳು 'ಅನಿವಾರ್ಯ' ಎಂಬ ಮುದ್ರೆ ಒತ್ತಿಸಿಕೊಂಡು ಪೋರ್ಚುಗಲ್ಲಿನ ಕಡಲತೀರಕ್ಕೆ ಹಾರಿದರು. ಅಲ್ಲಿ ಅವರ ಉಪನ್ಯಾಸದ ವಿಷಯ, ರೋಗದ ಕಾಲದಲ್ಲಿ ಸಂಯಮ. ಅವರು ವಿಮಾನ ಹತ್ತುವ ಫೋಟೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬಂತು, ಹೆರ್ಮಿನಾ ಅದನ್ನು ತುಂಬ ಹೊತ್ತು ನೋಡಿದಳು. "ಮಹಾರಾಯ ಕೊಡೆ ಬೇರೆ ಒಯ್ದಿಲ್ಲ," ಎಂದು ಹಲ್ಲು ಕಡಿದಳು.

ಮಾರನೆಯ ಬೆಳಿಗ್ಗೆ ಅರ್ಧ ಗಂಟೆಯ ರಜೆ ಚೀಟಿ ಬರೆದು ಅಂಚೆ ಪೆಟ್ಟಿಗೆಗೆ ಹಾಕಿದಳು. ನೌಕರಿಯ ಗುರುತಿನ ಚೀಟಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟಳು. ನೌಕರಳಾಗಿ ಅಲ್ಲ, ಕೇವಲ ಊರ ಹೆಂಗಸಾಗಿ, ಕಂಕುಳಲ್ಲಿ ಕೇಕಿನ ತಟ್ಟೆ ಹಿಡಿದು, ಸೇನಾಧಿಪತಿಯ ಗತ್ತಿನಲ್ಲಿ ಸೇತುವೆ ದಾಟಿದಳು. ಹೀಗೆ ತೊಂಬತ್ನಾಲ್ಕು ದಿನ, ತೊಂಬತ್ನಾಲ್ಕು ಚೀಟಿ.

"ರಜೆಯಲ್ಲಿ ಬರೆದ ಅಂಕಿ ಖಾಸಗಿ, ನಮ್ಮ ದಾಖಲೆಗೆ ಬರಲ್ಲ," ಎಂದು ಗ್ರಾತ್ಸಿಯಾನ್ ಎಚ್ಚರಿಸಿದ.

"ಮಳೆಯೂ ಖಾಸಗಿಯಾಗೇ ಬೀಳ್ತಿದೆ ಅನ್ನು," ಎಂದು ಫೋನ್ ಕುಕ್ಕಿದಳು.

ನಿರ್ಬಂಧ ಹೋಯಿತು. ಮಾಪಕಕ್ಕೆ ನೂರಿಪ್ಪತ್ತೈದು ವರ್ಷ ತುಂಬಿತು. ಅಖಂಡ ದಾಖಲೆ ಎಂದು ಪುಸ್ತಕ ಅಚ್ಚುಹಾಕಲು ಹೊರಟ ವಿಶ್ವವಿದ್ಯಾಲಯಕ್ಕೆ ನಡುವೆ ತೊಂಬತ್ನಾಲ್ಕು ದಿನದ ಕಂದಕ ಕಂಡಿತು. ಗ್ರಾತ್ಸಿಯಾನನ ದನಿ ಈಗ ಬೆಣ್ಣೆ: "ಹೆರ್ಮಿನಾ ಮೇಡಂ, ಆ ಖಾಸಗಿ ಅಂಕಿಗಳು ಇನ್ನೂ ಇವೆಯಾ?"

ಇದ್ದವು. ಪ್ಲಮ್ ತೋಟದಲ್ಲಿ ಸಮಾರಂಭವಾಯಿತು. ರೋಗಕ್ಕೆ ಅಂಜದೆ, ಗಡಿಗೆ ಬಗ್ಗದೆ, ಬಿರುಮಳೆಯಲ್ಲಿ ನಡೆದ ವೀರವನಿತೆ ಎಂದು, ಆಗ ತಡೆದ ಅದೇ ಕುಲಪತಿಗಳು ಗದ್ಗದಿತರಾಗಿ ಪದಕ ತೊಡಿಸಿದರು. ಹೆರ್ಮಿನಾಳ ಕಿವಿ ಕೆಂಪಾಯಿತು.

"ಬಿರುಮಳೆ ಎಲ್ಲಿತ್ತು? ತೊಂಬತ್ನಾಲ್ಕರಲ್ಲಿ ಅರವತ್ತು ದಿನ ಒಂದು ಹನಿಯೂ ಬಿದ್ದಿಲ್ಲ."

ಕುಲಪತಿಗಳು ತಬ್ಬಿಬ್ಬಾದರು. "ಮತ್ತೆ ಆ ಅರವತ್ತು ದಿನ ಯಾಕೆ ಹೋದಿರಿ?"

"ಬಿದ್ದಿಲ್ಲ ಅಂತ ನೋಡಬೇಕಲ್ಲ."